ತಿಂಗಳ ಸವಿ: ಎಳ್ಳಮಾವಾಸ್ಯೆಯ ಭಜ್ಜಿ, ಕಲ್ಯಾಣದ ಅರಸನ ಗ್ರಂಥ, ಕಮಲಾಪುರದ ಕೆಂಪು ಬಾಳೆ



ಪ್ರತಿ ತಿಂಗಳೂ ಈ ಪುಟದಲ್ಲಿ ನಾನು ಉಂಡು ಮೆಚ್ಚಿದ ಒಂದೆರಡು ಪದಾರ್ಥಗಳನ್ನೂ, ಓದಿ ಮೆಚ್ಚಿದ ಒಂದು ಗ್ರಂಥವನ್ನೂ, ಕಂಡು ಇಲ್ಲವೆ ಕೇಳಿ ಆನಂದಪಟ್ಟ ಒಂದು ವಿನೋದವನ್ನೂ ತಮ್ಮ ಮುಂದೆ ಇಡುತ್ತ ಬಂದಿರುವೆನು. ಆದರೆ ಇಷ್ಟು ದಿನ ನಾನು ಬರೆದದ್ದೆಲ್ಲವೂ ಉಂಡವನ ಬರವಣಿಗೆಯೇ ಹೊರತು ಬೇಯಿಸಿದವನ ಬರವಣಿಗೆಯಲ್ಲವೆಂಬದನ್ನು ಇಂದು ಒಪ್ಪಿಕೊಳ್ಳಲೇಬೇಕಾಗಿದೆ. ಕಳೆದ ವರ್ಷ ಓರ್ವ ವಾಚಕ ಸೋದರಿಯು, ತಾವು ಕೊಡುವ ಪಾಕಗಳಲ್ಲಿ ರುಚಿಯ ವರ್ಣನೆ ಒಂದು ಪುಟ, ಅಳತೆ ಒಂದು ಸಾಲು ಎಂದು ಪತ್ರ ಬರೆದು ಆಕ್ಷೇಪಿಸಿದ್ದರು. ಆಗ ನನಗೆ ತುಸು ಕೋಪವೇ ಬಂದಿತ್ತು. ಈ ತಿಂಗಳು ಆ ಸೋದರಿಯ ಕ್ಷಮೆಯನ್ನು ಬೇಡುವೆನು.

ಸಂಗತಿ ಹೀಗಿದೆ. ನವರಾತ್ರಿಯ ದಿನಗಳಲ್ಲಿ ನಮ್ಮ ಮನೆಯವರು ಬಚ್ಚಲಲ್ಲಿ ಕಾಲು ಜಾರಿ ಬಿದ್ದು ಬಲಗೈಯ ಮಣಿಕಟ್ಟಿನ ಎಲುಬನ್ನು ಮುರಿದುಕೊಂಡರು. ಆರು ವಾರ ಪ್ಲಾಸ್ಟರಿನ ಕಟ್ಟು. ಕಟ್ಟು ಬಿಚ್ಚಿದ ಮೇಲೂ ಕೈಯಲ್ಲಿ ಹಿಡಿತವು ಬರಲಿಲ್ಲ. ಜೋಳದ ರೊಟ್ಟಿಯನ್ನು ತಟ್ಟುವ ಕೈಗೆ ಮಣಿಕಟ್ಟೇ ಜೀವಾಳವೆಂಬದು ನನಗೆ ತಿಳಿದದ್ದು ಆ ಮಣಿಕಟ್ಟು ಕೆಟ್ಟ ಮೇಲೆಯೇ. ರೊಟ್ಟಿಗಳನ್ನು ಓಣಿಯ ರೊಟ್ಟಿ ಕೇಂದ್ರದಿಂದ ತರಿಸತೊಡಗಿದೆವು. ಸಾರು ಪಲ್ಯಗಳ ಭಾರವು ನನ್ನ ಮೇಲೆ ಬಿದ್ದಿತು. ಮೂವತ್ತೆರಡು ವರ್ಷ ಶಾಲೆಯಲ್ಲಿ ಸಂಸ್ಕೃತ ಹೇಳಿಕೊಟ್ಟು, ಮಧುರ, ಆಮ್ಲ, ಲವಣ, ಕಟು, ತಿಕ್ತ, ಕಷಾಯವೆಂಬ ಷಡ್ರಸಗಳನ್ನು ಮಕ್ಕಳ ಬಾಯಿಂದ ಸಾವಿರ ಸಲ ಹೇಳಿಸಿದ ನಾನು, ಒಗ್ಗರಣೆಗೆ ಮೊದಲು ಸಾಸಿವೆಯೋ ಜೀರಿಗೆಯೋ ಎಂಬದನ್ನು ಅರುವತ್ತನೆಯ ವಯಸ್ಸಿನಲ್ಲಿ ಕಲಿಯಬೇಕಾಯಿತು.

ಇಷ್ಟರಲ್ಲಿಯೇ ಎಳ್ಳಮಾವಾಸ್ಯೆ ಸಮೀಪಿಸಿತು. ಪರಸ್ಥಳದ ವಾಚಕರಿಗಾಗಿ ಎರಡು ಮಾತು: ಮಾರ್ಗಶಿರ ಬಹುಳ ಅಮಾವಾಸ್ಯೆಯ ದಿನ ಕಲಬುರಗಿ, ಬೀದರ ಸೀಮೆಗಳಲ್ಲಿ ಮನೆಯಲ್ಲಿ ಉಣ್ಣುವವರು ವಿರಳ. ಬುತ್ತಿ ಕಟ್ಟಿಕೊಂಡು ಮಂದಿಯೆಲ್ಲ ಹೊಲಕ್ಕೆ ಹೋಗಿ, ಬೆಳೆದು ನಿಂತ ಪೈರಿನಲ್ಲಿ ಭೂತಾಯಿಯನ್ನು ಪೂಜಿಸಿ, ನಾಲ್ಕು ದಿಕ್ಕಿಗೂ ಚರಗ ಚೆಲ್ಲಿ, ಬಳಿಕ ಗಿಡದ ನೆರಳಲ್ಲಿ ಪಂಕ್ತಿ ಕೂಡ್ರುವದು ಇಲ್ಲಿಯ ಪದ್ಧತಿ. ಸ್ವಂತ ಹೊಲವಿಲ್ಲದವರನ್ನು ಹೊಲವಿದ್ದವರು ಕರೆಯುವರು. ಕರೆಯದಿರುವದು ದೊಡ್ಡ ಅವಮಾನ. ಸಜ್ಜೆಯ ರೊಟ್ಟಿ, ಕಡಬು, ಶೇಂಗಾದ ಹೋಳಿಗೆ, ಶೇಂಗಾ ಹಿಂಡಿ, ಹೊಸ ಮಡಕೆಯಲ್ಲಿ ಹುಳಿಬಂದ ಜೋಳದ ಅಂಬಲಿ, ಇವೆಲ್ಲ ಇರಲೇಬೇಕು. ಇವೆಲ್ಲವುಗಳ ನಡುವೆ ರಾಜನಂತೆ ಮೆರೆಯುವದು ಭಜ್ಜಿ. ಎಣ್ಣೆಯಲ್ಲಿ ಕರಿಯುವ ಭಜಿಯೇ ಬೇರೆ, ಈ ಭಜ್ಜಿಯೇ ಬೇರೆ. ಆ ಹಂಗಾಮಿನಲ್ಲಿ ನೆಲ ಕೊಟ್ಟ ಹಸಿ ಕಾಳು, ಕಾಯಿ, ಸೊಪ್ಪುಗಳನ್ನೆಲ್ಲ ಒಂದೇ ಪಾತ್ರೆಯಲ್ಲಿ ಕೂಡಿಸಿ ಬೇಯಿಸಿದ ದಪ್ಪನೆಯ ಪಲ್ಯವಿದು.

ನಮ್ಮ ಮನೆತನದ ನಾಲ್ಕೆಕರೆ ಹೊಲವು ಕಮಲಾಪುರದ ಹತ್ತಿರವಿದೆ. ಪಾಲಿಗೆ ಕೊಟ್ಟಿದ್ದರೂ ಅಮಾವಾಸ್ಯೆಯ ಬುತ್ತಿಯನ್ನು ನಾವೇ ಒಯ್ಯುವ ವಾಡಿಕೆ ನನ್ನ ತಾಯಿಯ ಕಾಲದಿಂದ ನಡೆದು ಬಂದಿದೆ. ತಾಯಿಯ ಭಜ್ಜಿಯ ಹದವನ್ನು ನನ್ನ ಹೆಂಡತಿ ಕಲಿತರು. ಅವರಿಂದ ಕಲಿಯಬೇಕಾಗಿದ್ದ ಮಗಳು ಪುಣೆಯಲ್ಲಿ ಸಂಸಾರ ಹೂಡಿದ್ದಾಳೆ. 'ಅಪ್ಪಾ, ಅವ್ವ ಹೇಳ್ಲಿ, ನೀವು ಬರಕೊಳ್ರಿ. ಈ ವರ್ಷ ಬರದಿಡಲಿಲ್ಲಂದ್ರ ಮುಂದ ಯಾರಿಗೂ ಗೊತ್ತಿರಂಗಿಲ್ಲ' ಎಂದು ಆಕೆ ಫೋನಿನಲ್ಲಿ ಹೇಳಿದಳು. ಮಾತು ಸಾದಾ ಇದ್ದರೂ ಆ ರಾತ್ರಿ ನನಗೆ ಬಹಳ ಹೊತ್ತು ನಿದ್ದೆ ಹತ್ತಲಿಲ್ಲ.

ಮರುದಿನ ನೋಟುಬುಕ್ಕು ಹಿಡಿದು ಕುಳಿತೆನು. ತೊಗರಿಕಾಳು ಎಷ್ಟು ಎಂದು ಕೇಳಿದೆ. 'ಒಂದಿಷ್ಟು' ಎಂದರು. ಹುಣಸೆಹಣ್ಣು? 'ಹುಳಿ ಆಗೋ ಅಷ್ಟು.' ಕಡಲೆ ಹಿಟ್ಟು? 'ಅಲ್ರಿ, ಅಳತಿ ಏನ್ ಕೇಳ್ತೀರಿ? ಕೈಗೆ ಗೊತ್ತಾಗ್ತದ.' ಸಂಸ್ಕೃತದಲ್ಲಿ ತೊಗರಿಗೆ ಆಢಕೀ ಎಂದು ಹೆಸರು. ನಾಲ್ಕು ಪ್ರಸ್ಥಗಳ ಒಂದು ಅಳತೆಗೆ ಆಢಕವೆಂದು ಹೆಸರು. ಹೆಸರಿನಲ್ಲಿಯೇ ಅಳತೆಯನ್ನು ಹೊತ್ತ ಧಾನ್ಯಕ್ಕೆ ನಮ್ಮ ಮನೆಯಲ್ಲಿ ಅಳತೆಯೇ ಇಲ್ಲವೇ ಎಂದು ನಾನು ವಿನೋದ ಮಾಡಿದೆ. ಅವರು ನಗಲಿಲ್ಲ. ತಮ್ಮ ಕೈಯನ್ನೇ ನೋಡಿಕೊಂಡರು. ನಾನು ಆ ಮಾತನ್ನು ಆಡಬಾರದಿತ್ತು.

ಕಡೆಗೆ ಒಂದು ಉಪಾಯ ಮಾಡಿದೆವು. ನಾನು ಸಾಮಾನು ತರುವದು. ಅವರು ಎಡಗೈಯಿಂದ ತೆಗೆತೆಗೆದು ಪಾತ್ರೆಗೆ ಹಾಕುವದು. ಹಾಕುವ ಮೊದಲು ಪ್ರತಿಯೊಂದನ್ನೂ ನಾನು ಬಟ್ಟಲಿನಲ್ಲಿ ಅಳೆದು ಬರೆದುಕೊಳ್ಳುವದು. ಹೀಗೆ ನಿಶ್ಚಯಿಸಿ ಬೆಳಗಿನ ಏಳು ಗಂಟೆಗೆ ಸೂಪರ್ ಮಾರ್ಕೆಟ್ಟಿಗೆ ಹೊರಟೆನು.

ಸೂಪರ್ ಮಾರ್ಕೆಟ್ ಎಂಬ ಹೆಸರನ್ನು ಕೇಳಿ ಗಾಜಿನ ಬಾಗಿಲು, ತಣ್ಣನೆಯ ಗಾಳಿ, ತಳ್ಳುವ ಗಾಡಿಗಳನ್ನು ಯಾರೂ ಕಲ್ಪಿಸಿಕೊಳ್ಳಬಾರದು. ಕಲಬುರಗಿಯಲ್ಲಿ ಅದು ಊರ ನಡುವಿನ ಒಂದು ಪೇಟೆಯ ಹೆಸರು. ಜಗತ್ ವೃತ್ತದಿಂದ ನಡೆದೇ ಹೋಗಬಹುದು. ಅರಿವೆ, ಪಾತ್ರೆ, ಕಿರಾಣಿ, ಚಪ್ಪಲಿ, ಹೂವು ಎಲ್ಲವೂ ಒಂದರ ಮಗ್ಗುಲಲ್ಲಿ ಒಂದು. ಮುಂಜಾನೆಯ ಹೊತ್ತಿಗೆ ಸುತ್ತಲಿನ ಹಳ್ಳಿಗಳ ಹೆಣ್ಣುಮಕ್ಕಳು ಬುಟ್ಟಿಗಳನ್ನಿಳಿಸಿ ಗೋಣಿಚೀಲದ ಮೇಲೆ ಕಾಯಿಪಲ್ಯಗಳನ್ನು ಗುಂಪಿ ಗುಂಪಿಯಾಗಿ ಒಟ್ಟಿ ಕುಳಿತಿರುತ್ತಾರೆ. ಅಮಾವಾಸ್ಯೆಯ ಹಿಂದಿನ ವಾರವಂತೂ ಕಾಲಿಡಲು ಎಡೆಯಿರುವದಿಲ್ಲ. ಹಸಿ ತೊಗರಿಕಾಯಿಯ ರಾಶಿ, ಬೇರುಸಹಿತ ಕಿತ್ತ ಕಡಲೆಯ ಗಿಡದ ಸಿವುಡು, ಅವರೆಕಾಯಿ, ಎಳೆ ಬದನೆಕಾಯಿ, ಮೆಂತ್ಯ, ಪುಂಡಿಪಲ್ಯ, ಚಿಕ್ಕ ಬಾರೆಹಣ್ಣು. ಆ ಹಸಿರಿನ ವಾಸನೆಯೇ ಒಂದು ಊಟ.

ನಲವತ್ತು ವರ್ಷಗಳಿಂದ ಆ ಪೇಟೆಯಲ್ಲಿ ಓಡಾಡಿದವನು ನಾನು. ಆದರೆ ಚೀಲ ಹಿಡಿದುಕೊಂಡು ಹಿಂದೆ ನಿಲ್ಲುವದಷ್ಟೇ ನನ್ನ ಕೆಲಸವಾಗಿತ್ತು. ನಾವು ಯಾವಾಗಲೂ ಕೊಳ್ಳುವ ಮುದುಕಿಯು ನನ್ನನ್ನು ಒಂಟಿಯಾಗಿ ಕಂಡು, 'ಯಾಕ್ರಿ ಸರ, ಅಕ್ಕಾರು ಬರ್ಲಿಲ್ಲೇನ್ರಿ?' ಎಂದು ಕೇಳಿದಳು. ಕೈಯ ಸಂಗತಿಯನ್ನು ಹೇಳಿದೆ. ಆಕೆ ನನ್ನ ಕೈಯಲ್ಲಿದ್ದ ಯಾದಿಯನ್ನು ಓದಿಸಿಕೊಂಡು ಕೇಳಿ, 'ಬಾರಿಹಣ್ಣು ಬರದಿಲ್ಲಲ್ರಿ? ಉಳ್ಳಾಗಡ್ಡಿ ತಪ್ಪಲ? ಅಕ್ಕಾರು ವರ್ಷಾ ಒಯ್ತಾರ' ಎನ್ನುತ್ತ ಎರಡನ್ನೂ ಚೀಲಕ್ಕೆ ಹಾಕಿದಳು. ನಮ್ಮ ಮನೆಯ ಭಜ್ಜಿಯ ಅರ್ಧ ಶಾಸ್ತ್ರವು ಪೇಟೆಯಲ್ಲಿ ಕುಳಿತಿದೆಯೆಂಬದು ನನಗೆ ಆವತ್ತು ತಿಳಿಯಿತು. ಬಾರೆಹಣ್ಣಿಗೆ ಆಕೆ ಹಣ ತೆಗೆದುಕೊಳ್ಳಲಿಲ್ಲ.

ಒಂದು ಉಪಕಥೆ. ಈ ಸೀಮೆಗೆ ತೊಗರಿಯ ಕಣಜವೆಂಬ ಹೆಸರಿದೆ. ಕಲಬುರಗಿಯ ತೊಗರಿಬೇಳೆಗೆ ೨೦೧೯ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು. ನೆಹರು ಗಂಜಿನಲ್ಲಿ ಅದನ್ನು ಚೀಲಗಟ್ಟಲೆ ತೂಗುವದನ್ನು ಎಲ್ಲರೂ ನೋಡಿದ್ದಾರೆ. ಆದರೆ ಒಣಗುವದಕ್ಕೆ ಮೊದಲು, ಹಸಿರು ಸಿಪ್ಪೆಯೊಳಗೆ ಹಾಲುತುಂಬಿದ ಕಾಳಾಗಿರುವಾಗ ತೊಗರಿಯು ಎಷ್ಟು ಸಿಹಿಯಾಗಿರುವದೆಂಬದು ಬೇಳೆಯನ್ನು ಮಾತ್ರ ಕಂಡ ಊರಿನವರಿಗೆ ಗೊತ್ತಿಲ್ಲ. ಉಪ್ಪುನೀರಿನಲ್ಲಿ ಸಿಪ್ಪೆಸಹಿತ ಕುದಿಸಿ, ಸಂಜೆ ಕಟ್ಟೆಯ ಮೇಲೆ ಕುಳಿತು ಸುಲಿದು ತಿಂದು ನೋಡಬೇಕು.

ಇನ್ನು ಪಾಕ. ಮೊದಲನೆಯ ಸಲ ಮಾಡಿದ್ದು ಕೆಟ್ಟಿತೆಂಬದನ್ನು ಮುಚ್ಚಿಡಲಾರೆ. ಅಮಾವಾಸ್ಯೆಗೆ ಐದು ದಿನ ಮೊದಲು, ಅಭ್ಯಾಸಕ್ಕೆಂದು, ಮನೆಯವರು ನೆರೆಮನೆಗೆ ಹೋದ ಸಮಯ ನೋಡಿ, ಬರೆದುಕೊಂಡ ಅಳತೆಯಂತೆಯೇ ಎಲ್ಲವನ್ನೂ ಒಟ್ಟಿಗೆ ಪಾತ್ರೆಗೆ ಹಾಕಿ ಒಲೆ ಹೊತ್ತಿಸಿದೆನು. ಒಂದು ತಾಸು ಕುದಿದರೂ ಕಾಳು ಕಲ್ಲಾಗಿಯೇ ಉಳಿಯಿತು. ಸೊಪ್ಪು ಕರಗಿ ಕಪ್ಪಾಯಿತು. ಅವರು ಬಂದು ನೋಡಿ, 'ಹುಣಸಿಹಣ್ಣು ಯಾವಾಗ ಹಾಕಿದ್ರಿ?' ಎಂದು ಕೇಳಿದರು. ಮೊದಲೇ ಎಂದೆ. ಹುಳಿ ಬಿದ್ದ ನೀರಿನಲ್ಲಿ ಕಾಳು ಬೇಯುವದಿಲ್ಲ. ಹುಣಸೆಯಾಗಲಿ, ಹುಳಿಯುಳ್ಳ ಪುಂಡಿಪಲ್ಯವಾಗಲಿ ಕಾಳು ಮೆತ್ತಗಾದ ಮೇಲೆಯೇ ಬೀಳಬೇಕು. ಇದನ್ನು ಏಕೆ ಹೇಳಲಿಲ್ಲವೆಂದು ಕೇಳಿದರೆ, 'ನೀವು ಎಷ್ಟು ಅಂತ ಕೇಳಿದ್ರಿ, ಯಾವಾಗ ಅಂತ ಕೇಳಲಿಲ್ಲ' ಎಂಬ ಉತ್ತರ ಬಂದಿತು. ಪದಪಾಠವನ್ನು ಕಲಿತು ಕ್ರಮಪಾಠವನ್ನು ಬಿಟ್ಟ ವೇದಾಧ್ಯಾಯಿಯ ಗತಿ ನನ್ನದಾಗಿತ್ತು.

ಎರಡನೆಯ ಸಲ ಅವರ ಕಣ್ಣೆದುರಿಗೆ ಮಾಡಿದ ಕ್ರಮವು ಹೀಗಿದೆ. ಎಂಟು ಹತ್ತು ಜನರಿಗೆ ಸಾಕು. ಇಲ್ಲಿ ಬಟ್ಟಲೆಂದರೆ ಸಾಧಾರಣ ಚಹಾದ ಬಟ್ಟಲು. ಸುಲಿದ ಹಸಿ ತೊಗರಿಕಾಳು ಎರಡು ಬಟ್ಟಲು, ಹಸಿ ಕಡಲೆಕಾಳು ಒಂದು, ಅವರೆಕಾಳು ಒಂದು, ರಾತ್ರಿ ನೆನೆಯಿಸಿದ ಶೇಂಗಾ ಅರ್ಧ ಬಟ್ಟಲು. ಇವಿಷ್ಟನ್ನೂ ಮುಳುಗುವದಕ್ಕಿಂತ ನಾಲ್ಕು ಬೆರಳು ಹೆಚ್ಚು ನೀರಿನಲ್ಲಿ, ಚಿಟಿಕೆ ಅರಿಸಿನ ಹಾಕಿ, ಬೆರಳಿನಿಂದ ಹಿಸುಕಿದರೆ ನುಣ್ಣಗಾಗುವವರೆಗೆ ಬೇಯಿಸತಕ್ಕದ್ದು. ಬಳಿಕ ಹೆಚ್ಚಿದ ಎಳೆ ಬದನೆಕಾಯಿ ನಾಲ್ಕು, ಗಜ್ಜರಿ ಎರಡು. ಇವು ಅರೆಬೆಂದ ಕೂಡಲೆ ಮೆಂತ್ಯಪಲ್ಯ ಒಂದು ಸಿವುಡು, ಪಾಲಕ ಒಂದು ಸಿವುಡು, ಉಳ್ಳಾಗಡ್ಡಿಯ ತಪ್ಪಲು ಒಂದು ಹಿಡಿ, ಪುಂಡಿಪಲ್ಯ ಅರ್ಧ ಸಿವುಡು, ಬಾರೆಹಣ್ಣು ಒಂದು ಹಿಡಿ. ಹಸಿಮೆಣಸಿನಕಾಯಿ ಹನ್ನೆರಡು, ಬೆಳ್ಳುಳ್ಳಿ ಒಂದು ಗಡ್ಡೆ, ಜೀರಿಗೆ ಒಂದು ಚಮಚ, ಇವನ್ನು ತರಿತರಿಯಾಗಿ ಕುಟ್ಟಿ ಹಾಕಬೇಕು. ಸೊಪ್ಪು ಬಾಡಿದ ಮೇಲೆ ನಿಂಬೆಹಣ್ಣಿನ ಗಾತ್ರದ ಹುಣಸೆಯ ರಸ, ಅಡಿಕೆಯಷ್ಟು ಬೆಲ್ಲ. ಕಡೆಯಲ್ಲಿ ಮುಕ್ಕಾಲು ಬಟ್ಟಲು ಕಡಲೆಹಿಟ್ಟನ್ನು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಸಣ್ಣ ಉರಿಯಲ್ಲಿ ಸುರಿಯುತ್ತ ಒಂದೇ ಸಮನೆ ತಿರುವಬೇಕು. ಇಲ್ಲಿ ಕೈ ನಿಂತರೆ ತಳ ಹಿಡಿಯಿತೆಂದೇ ತಿಳಿಯಿರಿ. ಹುರಿದು ಪುಡಿಮಾಡಿದ ಎಳ್ಳು ಎರಡು ಚಮಚ, ಕುಸುಬಿ ಎಣ್ಣೆಯಲ್ಲಿ ಸಾಸಿವೆ, ಜೀರಿಗೆ, ಬೆಳ್ಳುಳ್ಳಿ, ಕರಿಬೇವಿನ ಒಗ್ಗರಣೆ. ಉಪ್ಪು ಎಲ್ಲಕ್ಕೂ ಕಡೆಗೆ, ಏಕೆಂದರೆ ಸೊಪ್ಪು ಬಾಡಿ ಎಷ್ಟಾಗುವದೆಂಬದು ಮೊದಲೇ ತಿಳಿಯದು. ಈ ಕಡೆಯ ವಾಕ್ಯವನ್ನು ನಾನು ಬರೆದದ್ದಲ್ಲ. ನನ್ನ ನೋಟುಬುಕ್ಕನ್ನು ತೆಗೆದುಕೊಂಡು, ಬಲಗೈಯಲ್ಲಿಯೇ ಪೆನ್ನು ಹಿಡಿದು, ಅಂಕುಡೊಂಕು ಅಕ್ಷರಗಳಲ್ಲಿ ಅವರೇ ಬರೆದರು.

ಸಜ್ಜೆಯ ರೊಟ್ಟಿಯ ವಿಧಿಯನ್ನು ನಾನು ಕೊಡಲಾರೆ. ಎಳ್ಳು ಹಚ್ಚಿ, ತಟ್ಟಿ, ಬೇಯಿಸಿ, ಒಣಗಿಸಿ, ಖಡಕ್ ಆದ ರೊಟ್ಟಿಗಳನ್ನು ಕೇಂದ್ರದಿಂದ ಕೊಂಡು ತಂದೆವು. ಮನೆಯವರು ಒಂದನ್ನು ಮುರಿದು ರುಚಿ ನೋಡಿ, ಏನೂ ಹೇಳದೆ ಡಬ್ಬಿಗೆ ಇಟ್ಟರು.

ಈಗ ಗ್ರಂಥದ ಮಾತು. ಕಾಳು ಬೇಯುತ್ತಿರುವ ಆ ದೀರ್ಘ ಸಮಯದಲ್ಲಿ ನಾನು ಕಪಾಟಿನಿಂದ ಇಳಿಸಿ ಮತ್ತೆ ಓದಿದ್ದು ಸೋಮೇಶ್ವರನ 'ಮಾನಸೋಲ್ಲಾಸ.' ಅದಕ್ಕೆ 'ಅಭಿಲಷಿತಾರ್ಥ ಚಿಂತಾಮಣಿ'ಯೆಂದೂ ಹೆಸರುಂಟು. ಕಲ್ಯಾಣದ ಚಾಲುಕ್ಯರ ಆರನೆಯ ವಿಕ್ರಮಾದಿತ್ಯನ ಮಗನಾದ ಮೂರನೆಯ ಸೋಮೇಶ್ವರನು ಸುಮಾರು ೧೧೨೯ರಲ್ಲಿ ಸಂಸ್ಕೃತದಲ್ಲಿ ರಚಿಸಿದ ಗ್ರಂಥವಿದು. ನಮ್ಮ ಹೊಲಕ್ಕೆ ಹೋಗುವ ದಾರಿಯನ್ನೇ ಹಿಡಿದು ಕಮಲಾಪುರವನ್ನು ದಾಟಿ, ಹುಮನಾಬಾದಿನಿಂದ ಪಶ್ಚಿಮಕ್ಕೆ ತಿರುಗಿದರೆ ಆ ಅರಸನ ರಾಜಧಾನಿಯಾಗಿದ್ದ ಕಲ್ಯಾಣವು, ಇಂದಿನ ಬಸವಕಲ್ಯಾಣವು, ಸಿಗುತ್ತದೆ. ಎಂದರೆ ಈತನು ನಮ್ಮ ನೆರೆಯವನೇ. ಬಡೋದೆಯ ಗಾಯಕವಾಡ ಪ್ರಾಚ್ಯ ಗ್ರಂಥಮಾಲೆಯಲ್ಲಿ ಇದರ ಮೊದಲನೆಯ ಸಂಪುಟವು ೧೯೨೫ರಲ್ಲಿಯೂ ಎರಡನೆಯದು ೧೯೩೯ರಲ್ಲಿಯೂ ಹೊರಟವು. ನನಗೆ ಬೇಕಾದ ಭಾಗವು ಎರಡನೆಯದರಲ್ಲಿದೆ.

ಇಪ್ಪತ್ತು ಇಪ್ಪತ್ತು ಅಧ್ಯಾಯಗಳ ಐದು ವಿಂಶತಿಗಳು, ಒಟ್ಟು ನೂರು ಅಧ್ಯಾಯ. ರಾಜ್ಯವನ್ನು ಪಡೆಯುವದು, ಅದನ್ನು ಸ್ಥಿರಗೊಳಿಸುವದು, ಇವೆರಡನ್ನು ಮುಗಿಸಿದ ಅರಸನು ಮೂರನೆಯದರಲ್ಲಿ ಉಪಭೋಗಗಳಿಗೂ, ನಾಲ್ಕನೆಯದರಲ್ಲಿ ವಿನೋದಗಳಿಗೂ, ಐದನೆಯದರಲ್ಲಿ ಕ್ರೀಡೆಗಳಿಗೂ ತೊಡಗುತ್ತಾನೆ. ಊಟ, ಗ್ರಂಥ, ವಿನೋದವೆಂದು ಮೂರನ್ನು ಕೂಡಿಸಿ ಪುಟ ತುಂಬಿಸುವ ನನ್ನ ಈ ಚಾಳಿಗೆ ಎಂಟುನೂರು ವರ್ಷಗಳಿಗಿಂತ ಹಿಂದೆಯೇ ಒಬ್ಬ ಚಕ್ರವರ್ತಿ ಆಧಾರ ಒದಗಿಸಿದ್ದಾನೆಂದು ನನಗೆ ಒಳಗೊಳಗೇ ಹೆಮ್ಮೆಯಾಯಿತು. ಅನ್ನಭೋಗವೆಂಬ ಅಧ್ಯಾಯದಲ್ಲಿ ರಕ್ತಶಾಲಿ, ಗಂಧಶಾಲಿ ಮೊದಲಾದ ಅಕ್ಕಿಗಳ ಭೇದವಿದೆ. ಗೋದಿಯ ಮಂಡಕವಿದೆ, ಅದೇ ನಮ್ಮ ಮಂಡಿಗೆ. ಉದ್ದಿನ ಹಿಟ್ಟಿನ ಇಡ್ಡರಿಕೆ ಇದೆ, ಇಂದಿನ ಇಡ್ಲಿಯ ಪೂರ್ವಜ. ಆದರೆ ಅದರಲ್ಲಿ ಅಕ್ಕಿ ಇಲ್ಲ, ಮೆಣಸು, ಜೀರಿಗೆ, ಇಂಗು ಉಂಟು. ಅರಸನು ಮಾಂಸಪ್ರಿಯನಾಗಿದ್ದುದರಿಂದ ಆಮೆ, ಏಡಿ, ಹೊಲದ ಇಲಿಗಳ ಪಾಕಗಳೂ ವಿಸ್ತಾರವಾಗಿವೆ. ಆ ಪುಟಗಳನ್ನು ನಾನು ವ್ಯಾಕರಣಕ್ಕಾಗಿ ಮಾತ್ರ ಓದಿದೆನು.

ಓದುತ್ತಿರುವಾಗ ವಿದಲಪಾಕವೆಂಬಲ್ಲಿ ನಿಂತೆನು. ವಿದಲವೆಂದರೆ ಬೇಳೆ. ಕಡಲೆ, ಹೆಸರು, ಮಸೂರ, ಹುರಿದ ತೊಗರಿ ಮುಂತಾದ ಹಲವನ್ನು ಒಂದೇ ಪಾತ್ರೆಯಲ್ಲಿ ಕೂಡಿಸಿ, ಸೈಂಧವ ಲವಣ, ಅರಿಸಿನ, ಇಂಗು ಬೆರೆಸಿ, ಮಂದವಾದ ಉರಿಯಲ್ಲಿ ಬೇಯಿಸುವ ಪದಾರ್ಥ. ಇದು ಭಜ್ಜಿಯಲ್ಲ; ಇದರಲ್ಲಿ ಸೊಪ್ಪಿಲ್ಲ, ಬಾರೆಹಣ್ಣಿಲ್ಲ, ಹೊಲದ ಗಾಳಿಯಿಲ್ಲ. ಆದರೂ ಹಲವು ಕಾಳುಗಳನ್ನು ಒಂದುಗೂಡಿಸುವ ಬುದ್ಧಿಯು ಈ ನೆಲದಲ್ಲಿ ಹೊಸತಲ್ಲವೆಂದು ಕಂಡು ಸಂತೋಷದಿಂದ ಒಳಗೆ ಓಡಿಹೋಗಿ ಓದಿ ಹೇಳಿದೆನು. 'ಅರಸಗ ಬರದುಕೊಡೋರು ಇದ್ರು' ಎಂದಷ್ಟೇ ನುಡಿದು ಮನೆಯವರು ಕಾಳನ್ನು ಹಿಸುಕಿ ನೋಡಿದರು. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಅರಸನ ಅಡಿಗೆ ಗ್ರಂಥವಾಯಿತು, ಅದೂ ಬಡೋದೆಯಲ್ಲಿ ಅಚ್ಚಾಗಿ ನಮ್ಮ ಮನೆಗೆ ಬಂದಿತು. ನನ್ನ ತಾಯಿಗೆ ಅಕ್ಷರ ಬರುತ್ತಿರಲಿಲ್ಲ. ಅಕ್ಷರ ಕಲಿತ ಮಗನು ಒಂದು ದಿನವೂ ಒಲೆಯ ಹತ್ತಿರ ಕುಳಿತು ಆಕೆಯನ್ನು ಕೇಳಲಿಲ್ಲ.

ಕನ್ನಡದಲ್ಲಿಯೂ ಪಾಕಗ್ರಂಥಗಳಿಲ್ಲದಿಲ್ಲ. ೧೦೨೫ರ ಸುಮಾರಿಗೆ ಚಾವುಂಡರಾಯನು ಬರೆದ 'ಲೋಕೋಪಕಾರ'ದಲ್ಲಿ ಸೂಪಶಾಸ್ತ್ರಕ್ಕೆ ಒಂದು ಭಾಗ ಮೀಸಲಾಗಿದೆ. ಹದಿನಾರನೆಯ ಶತಮಾನದ ಮೂರನೆಯ ಮಂಗರಸನು ಜೈನನಾದದ್ದರಿಂದ ಅವನ 'ಸೂಪಶಾಸ್ತ್ರ'ವು ಶಾಕಪಾಕಗಳಿಂದಲೇ ತುಂಬಿದ್ದು, ನನ್ನಂಥವರು ಪುಟ ಹಾರಿಸದೆ ಓದಬಹುದು. ಬದನೆಕಾಯಿಯ ಮೇಲೆ ಅವನಿಗಿರುವ ಪ್ರೀತಿಯನ್ನು ಕುರಿತು ಇನ್ನೊಂದು ತಿಂಗಳು ಬರೆಯುವೆನು.

ಅಮಾವಾಸ್ಯೆಯ ಮುಂಜಾನೆ ಬುತ್ತಿಯ ಗಂಟುಗಳೊಡನೆ ಬಸ್ಸು ಹತ್ತಿದೆವು. ಮಹಾಗಾಂವ ಕ್ರಾಸು ದಾಟಿದ ಮೇಲೆ ಎರಡೂ ಬದಿಗೆ ತೊಗರಿ, ಕಡಲೆ, ಹಿಂಗಾರಿಯ ಜೋಳ. ಕಮಲಾಪುರವು ಈಗ ತಾಲೂಕಿನ ಊರಾಗಿದೆ. ಆದರೆ ಹಣ್ಣು ಬಲ್ಲವರಿಗೆ ಆ ಊರಿನ ಹೆಸರು ಕೇಳಿದೊಡನೆ ನೆನಪಾಗುವದು ಕೆಂಪು ಬಾಳೆ. ಕಮಲಾಪುರ, ರಾಜನಾಳ, ನವನಿಹಾಳ ಈ ಕೆಲವೇ ಊರುಗಳ ತಂಪು ನೆಲದಲ್ಲಿ ಇದರ ತೋಟಗಳಿವೆ. ಇದಕ್ಕೂ ಭೌಗೋಳಿಕ ಸೂಚಿಕೆಯುಂಟು. ಸಿಪ್ಪೆ ತಾಮ್ರದ ಕೊಡದಂತೆ ಕೆಂಪು, ತಿರುಳು ಕೆನೆಯ ಬಣ್ಣ, ವಾಸನೆ ಮಾತ್ರ ಕೋಣೆಯನ್ನೆ ತುಂಬುವಂಥದು. ಅಮರಸಿಂಹನು ಬಾಳೆಗೆ ಕದಲೀ, ರಂಭಾ, ಮೋಚಾ ಎಂದು ಹೆಸರುಗಳನ್ನು ಹೇಳಿದ್ದಾನೆ. ಅಪ್ಸರೆಯ ಹೆಸರು ಯಾವುದಾದರೂ ಒಂದು ಬಾಳೆಗೆ ಒಪ್ಪುವದಾದರೆ ಈ ಬಾಳೆಗೆ ಒಪ್ಪೀತು.

ಹೊಲದ ದಾರಿಯಲ್ಲಿಯೇ ಪರಿಚಯದ ರೈತರೊಬ್ಬರ ತೋಟವಿದೆ. ಉಳಿದ ಬಾಳೆಗಳು ವರ್ಷದೊಳಗೆ ಗೊನೆ ಕೊಟ್ಟರೆ, ಇದು ಹದಿನಾರರಿಂದ ಹದಿನೆಂಟು ತಿಂಗಳು ಕಾಯಿಸುತ್ತದೆ. ಗಿಡ ಎತ್ತರ, ಗೊಬ್ಬರ ಹೆಚ್ಚು ಬೇಕು, ಗಾಳಿಗೆ ಆಸರೆ ಕೊಡಬೇಕು. 'ಹದಿನೆಂಟು ತಿಂಗಳ ಸಾಲದ ಬಡ್ಡಿ ನಿಲ್ತದೇನ್ರಿ ಮಾಸ್ತರ? ಕಬ್ಬು ಹಚ್ಚಿದವರು ಅರಾಮ ಇದ್ದಾರ' ಎಂದು ಅವರು ನಕ್ಕರು. ಅವರ ತೋಟದಲ್ಲಿ ಕೆಂಪು ಬಾಳೆಯು ಈಗ ಎರಡೇ ಸಾಲು ಉಳಿದಿದೆ. ಪೇಟೆಯಲ್ಲಿ ಒಂದು ಹಣ್ಣಿಗೆ ಬೆಲೆ ಹೆಚ್ಚೆಂದು ನಾವು ಚೌಕಾಸಿ ಮಾಡುವಾಗ ಆ ಹದಿನೆಂಟು ತಿಂಗಳು ನಮ್ಮ ಲೆಕ್ಕದಲ್ಲಿ ಇರುವದಿಲ್ಲ. ನಾನು ಒಂದು ಡಜನ್ ಕೊಂಡೆನು, ಚೌಕಾಸಿಯಿಲ್ಲದೆ.

ಈ ಹಣ್ಣಿನಿಂದ ಮಾಡತಕ್ಕ ಪದಾರ್ಥವೆಂದರೆ ಶೀಕರಣೆ. ಚೆನ್ನಾಗಿ ಕಳಿತ ಹಣ್ಣು ಮೂರನ್ನು ಕೈಯಿಂದ ಕಿವುಚಿ, ಕಾಯಿಸಿ ಪೂರ್ಣ ಆರಿಸಿದ ಹಾಲು ಒಂದು ಲೋಟ, ಸಕ್ಕರೆ ಎರಡು ಚಮಚ, ಏಲಕ್ಕಿ ಎರಡು. ಅಷ್ಟೆ. ಯಂತ್ರದಲ್ಲಿ ತಿರುವಬಾರದು, ಗಂಟುಗಳು ಬಾಯಿಗೆ ಸಿಗಬೇಕು. ಹಣ್ಣು ಕಳಿಯದಿದ್ದರೆ ಒಗರು ಉಳಿಯುವದು, ಅದಕ್ಕೆ ಸಕ್ಕರೆ ಮದ್ದಲ್ಲ. ಎರಡು ದಿನ ಕಾಯುವದೊಂದೇ ದಾರಿ. ಸಂಸ್ಕೃತದ ಶಿಖರಿಣಿಯು ಮೊಸರು ಸಕ್ಕರೆಗಳ ಪಾಕ. ನಮ್ಮ ಸೋಮೇಶ್ವರನೂ ಅದನ್ನು ಹೇಳಿದ್ದಾನೆ. ಶೀಕರಣೆಯ ಹೆಸರಿನ ಮೂಲ ಅದೇ ಎಂದು ನನ್ನ ಎಣಿಕೆ. ಪಾದಕ್ಕೆ ಹದಿನೇಳು ಅಕ್ಷರಗಳ ಶಿಖರಿಣೀ ವೃತ್ತವನ್ನು ಎಷ್ಟೋ ತಲೆಮಾರುಗಳ ಹುಡುಗರಿಗೆ ಕಲಿಸಿದ ನಾನು, ಆ ಹೆಸರಿನ ಬಟ್ಟಲನ್ನು ಕೈಯಾರೆ ಕಲಸಿದ್ದು ಇದೇ ಮೊದಲು.

ಆದರೆ ಒಂದು ಧರ್ಮಸಂಕಟ. ಬಾಳೆಹಣ್ಣನ್ನು ಹಾಲಿನೊಡನೆ ಕೂಡಿಸುವದು ವಿರುದ್ಧಾಹಾರವೆಂದು ಸುಶ್ರುತನು ನಿಷೇಧಿಸಿದ್ದಾನೆ. ಚರಕನು ಹಾಲಿಗೆ ಸಲ್ಲದೆಂದು ಎಣಿಸಿದ ಹಣ್ಣುಗಳಲ್ಲಿಯೂ ಮೋಚ ಬರುತ್ತದೆ. ಶಾಸ್ತ್ರ ತಿಳಿದವನು ಮುಚ್ಚಿಡಬಾರದೆಂದು ಹೊಲದಲ್ಲಿ ಪಂಕ್ತಿಯ ನಡುವೆ ಇದನ್ನು ಹೇಳಿದೆನು. 'ಅವರಿಬ್ಬರೂ ಕಮಲಾಪುರದ ಹಣ್ಣು ತಿಂದಿರ್ಲಿಕ್ಕಿಲ್ಲ ಬಿಡ್ರಿ' ಎಂದು ಮನೆಯವರು ತೀರ್ಪು ಕೊಟ್ಟರು. ಆಯುರ್ವೇದವನ್ನು ಅನುಸರಿಸುವ ವಾಚಕರು ಹಣ್ಣನ್ನು ಬರಿದೆ ತಿನ್ನಲಿ, ನಷ್ಟವೇನೂ ಇಲ್ಲ.

ಭಜ್ಜಿಯನ್ನು ಪಾಲಿನ ರೈತನ ಮನೆಯವರು, ಅವರ ನೆಂಟರು, ನಾವು, ಒಟ್ಟು ಹನ್ನೊಂದು ಮಂದಿ ಉಂಡೆವು. ನನ್ನ ಹೆಂಡತಿ ಎರಡನೆಯ ಸಲ ನೀಡಿಸಿಕೊಂಡರು. ಹುಳಿ ಸ್ವಲ್ಪ ಮುಂದಾಯಿತೆಂದೂ ಹೇಳಿದರು. ಎರಡೂ ನಿಜ.

ಇನ್ನು ವಿನೋದ. ಸಂಜೆಗೆ ಮರಳುವ ವಿಚಾರವಿತ್ತು. ಆದರೆ ರಾತ್ರಿ ಊರ ಗುಡಿಯ ಕಟ್ಟೆಯ ಮೇಲೆ ಭಜನೆಯಿದೆಯೆಂದು ರೈತನು ನಿಲ್ಲಿಸಿಕೊಂಡನು. ಏಕತಾರಿ, ದಮ್ಮಡಿ, ತಾಳ. ಏಳೆಂಟು ಜನ, ಒಬ್ಬರಿಗೂ ಕೈಯಲ್ಲಿ ಪುಸ್ತಕವಿಲ್ಲ. ಕಡಕೋಳ ಮಡಿವಾಳಪ್ಪನವರ ತತ್ತ್ವಪದಗಳು. ಹಾಡಿದವರಲ್ಲಿ ಒಬ್ಬರು ಹಗಲೆಲ್ಲ ಟ್ರ್ಯಾಕ್ಟರ್ ನಡೆಸುವವರು. ಮಡಿವಾಳಪ್ಪನವರ ಶಿಷ್ಯರಲ್ಲಿ ಚೆನ್ನೂರ ಜಲಾಲಸಾಹೇಬರೂ ಒಬ್ಬರು. ಗುರುವಿನ ಪದದ ಬೆನ್ನಿಗೇ ಶಿಷ್ಯನ ಪದವನ್ನೂ ಹಾಡಿದರು. ಜಾತಿ ಕೇಳಿ ಪದ ಆರಿಸುವ ವಾಡಿಕೆ ಈ ಕಟ್ಟೆಯಲ್ಲಿಲ್ಲ. ಆಕಾಶವಾಣಿಯ ಕಲಬುರಗಿ ಕೇಂದ್ರದಲ್ಲಿ ತತ್ತ್ವಪದಗಳನ್ನು ನಾನು ಕೇಳಿಲ್ಲವೆಂದಲ್ಲ. ಆದರೆ ರೇಡಿಯೋದಲ್ಲಿ ಪದಕ್ಕೆ ಐದು ನಿಮಿಷ. ಇಲ್ಲಿ ಒಬ್ಬರು ಒಂದು ನುಡಿಯನ್ನು ಹಾಡಿ ನಿಲ್ಲಿಸಿ, ಅದರ ಒಗಟನ್ನು ಬಿಡಿಸು ಎಂದು ಎದುರಿನವರಿಗೆ ಸವಾಲು ಹಾಕುತ್ತಾರೆ. ಅವರು ಬಿಡಿಸದಿದ್ದರೆ ಮುಂದಿನ ನುಡಿಯಿಲ್ಲ. ದೇಹವನ್ನು ಹೊಲವೆಂದೂ ಮನೆಯೆಂದೂ ತಿರುಗಿಸಿ ಹೇಳುವ ಆ ಒಗಟುಗಳಲ್ಲಿ ಎರಡನ್ನು ನಾನು ಬಿಡಿಸಿದೆ, ಮೂರನೆಯದರಲ್ಲಿ ಸೋತೆ. ಟ್ರ್ಯಾಕ್ಟರಿನವರು ಬಿಡಿಸಿದರು.

ನಡುರಾತ್ರಿಯ ಚಳಿಯಲ್ಲಿ ಎಲ್ಲರಿಗೂ ಉಳಿದ ಅಂಬಲಿಯನ್ನು ಬೆಚ್ಚಗೆ ಮಾಡಿ ಹಂಚಿದರು. ಪದಗಳನ್ನು ಯಾರಾದರೂ ಬರೆದಿಟ್ಟಿದ್ದಾರೆಯೇ ಎಂದು ಹಿರಿಯ ಹಾಡುಗಾರರನ್ನು ಕೇಳಿದೆ. ಅಚ್ಚಾದ ಪುಸ್ತಕಗಳಿವೆ, ಆದರೆ ಧಾಟಿ ಪುಸ್ತಕದಲ್ಲಿ ಬರುವದಿಲ್ಲ ಎಂದರು. ತಮ್ಮ ಮೊಮ್ಮಗನು ಮೊಬೈಲಿನಲ್ಲಿ ಅದನ್ನು ಹಿಡಿದಿಡುತ್ತಿರುವನೆಂದು ಕತ್ತಲೆಯಲ್ಲಿ ಬೆಳಗುತ್ತಿದ್ದ ಒಂದು ಚೌಕವನ್ನು ತೋರಿಸಿದರು.

ಭಜ್ಜಿಯ ಅಳತೆಯನ್ನೂ ಕ್ರಮವನ್ನೂ ಮಗಳಿಗೆ ಕಳುಹಿಸಿದ್ದಾಯಿತು. ಪುಣೆಯ ಆಕೆಯ ಓಣಿಯಲ್ಲಿ ಹಸಿ ತೊಗರಿ ಸಿಗಲಿಲ್ಲವಂತೆ; ಒಣಕಾಳನ್ನು ರಾತ್ರಿ ನೆನೆಹಾಕಿ ಮಾಡಿದಳಂತೆ. ಚೆನ್ನಾಯಿತು, ಆದರೆ ಮನೆಯದರಂತೆ ಆಗಲಿಲ್ಲವೆಂದು ತಾಯಿಯೊಡನೆ ಅರ್ಧ ತಾಸು ಮಾತಾಡಿದಳು. ಬಾರೆಹಣ್ಣು ಹಾಕಿದ್ದೀಯಾ ಎಂಬದು ತಾಯಿಯ ಮೊದಲ ಪ್ರಶ್ನೆ. ಹಾಕಿರಲಿಲ್ಲ.

ಸಂಕ್ರಾಂತಿಗೆ ಮಾದಲಿಯನ್ನು ತಾವೇ ಮಾಡುವೆವೆಂದು ಮನೆಯವರು ಈಗಾಗಲೇ ಸಾರಿದ್ದಾರೆ. ವೈದ್ಯರು ಹೇಳಿದ ಕೈಯ ವ್ಯಾಯಾಮಕ್ಕೆ ಗೋದಿಯ ಹಿಟ್ಟು ನಾದುವದಕ್ಕಿಂತ ಒಳ್ಳೆಯದಿಲ್ಲವೆಂಬದು ಅವರ ವಾದ. ನನಗೆ ಒಪ್ಪಿಸಿದ ಕೆಲಸ ಕೊಬ್ಬರಿ ಹೆರೆಯುವದು ಮತ್ತು ಬರೆದುಕೊಳ್ಳುವದು. ಅದರ ವಿವರವು ಮುಂದಿನ ತಿಂಗಳು.